ಎರಡು ಬಾರಿ ಕರೆ ಮಾಡಲಾಯಿತು

ಏಪ್ರಿಲ್ ಹನ್ನೊಂದು, ಶುಕ್ರವಾರ, ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ನಾನು 214ನೇ ಮನೆಗೆ ಬಂದಿದ್ದ ಬಾಡಿಗೆ ಅರ್ಜಿಯನ್ನು ತಿರಸ್ಕರಿಸಿದೆ. ಅರ್ಜಿದಾರಳ ಹೆಸರು ಯೆಶಿಮೆಬೇತ್, ವಯಸ್ಸು ಐವತ್ತಾರು, ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಶುಲ್ಕ ತೆಗೆದುಕೊಳ್ಳುವ ಕೆಲಸ. ಪತ್ರದಲ್ಲಿ ನಾನು ಕೊಟ್ಟ ಕಾರಣ: ‘ಉಳಿತಾಯದ ಮೂಲವನ್ನು ಖಚಿತಪಡಿಸಿಕೊಳ್ಳಲು ಎರಡು ಬಾರಿ ಕರೆ ಮಾಡಲಾಯಿತು. ಉತ್ತರ ಬರಲಿಲ್ಲ.’

ನಾನು ಒಂದು ಬಾರಿಯೂ ಕರೆ ಮಾಡಿರಲಿಲ್ಲ.

ಅವರು ಆಫೀಸಿಗೆ ಬಂದದ್ದು ಮಂಗಳವಾರ. ಕೆಲಸದ ಸಮವಸ್ತ್ರದಲ್ಲೇ ಬಂದಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ನನ್ನ ಮುಖ ನೋಡಿ ನಮ್ಮ ಭಾಷೆ ಅಮ್ಹಾರಿಕ್‌ನಲ್ಲಿ ಕೇಳಿದರು: “ಮಗಳೇ, ನಮ್ಮ ದೇಶದವಳೇ ಅಲ್ವೇನೇ ನೀನು?”

“ಇಲ್ಲಿ ಸಹಿ ಮಾಡಿ, ಮೇಡಂ,” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಅವರು ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ನೋಡಿದರು. ಅದರಲ್ಲಿ ‘ರೋಸ್’ ಎಂದಿದೆ. ನನ್ನ ನಿಜವಾದ ಹೆಸರು ತ್ಸಿಗೆರೆದಾ. ಆಫೀಸಿನಲ್ಲಿ ಯಾರಿಗೂ ನಾಲಿಗೆ ಹೊರಳುವುದಿಲ್ಲವೆಂದು ಏಳು ವರ್ಷಗಳ ಹಿಂದೆ ನಾನೇ ರೋಸ್ ಆದೆ. ಅವರು ಮತ್ತೆ ಅಮ್ಹಾರಿಕ್ ಮಾತಾಡಲಿಲ್ಲ. ಒಂದೊಂದೇ ಇಂಗ್ಲಿಷ್ ಪದ ಹುಡುಕಿ ಹೇಳಿದರು: ಮಗಳಿಗೆ ವೀಸಾ ಸಿಕ್ಕಿದೆ, ಇಪ್ಪತ್ನಾಲ್ಕಕ್ಕೆ ಅಡಿಸ್ ಅಬಾಬಾದಿಂದ ಬರುತ್ತಾಳೆ, ಆರು ವರ್ಷದಿಂದ ನೋಡಿಲ್ಲ. ಈಗಿರುವುದು ಒಬ್ಬರ ಮನೆಯ ನೆಲಮಾಳಿಗೆ. ಇನ್ನೊಬ್ಬರನ್ನು ಕರೆತರುವಂತಿಲ್ಲ ಎಂದು ಮನೆಯವರು ಹೇಳಿಬಿಟ್ಟಿದ್ದಾರೆ.

ಅವರ ಹೆಸರು ಹಾಕಿದಾಗ ಕಂಪ್ಯೂಟರ್ ‘ದಾಖಲೆ ಇಲ್ಲ’ ಎಂದಿತು. ಸಾಲ ಮಾಡಿ ತೀರಿಸಿದವರಿಗೆ ಇಲ್ಲಿ ಅಂಕವಿರುತ್ತದೆ. ಅವರು ಸಾಲವನ್ನೇ ಮಾಡಿರಲಿಲ್ಲ. ಆದರೆ ಖಾತೆಯಲ್ಲಿ ಹತ್ತೊಂಬತ್ತು ಸಾವಿರದ ನಾನೂರು ಡಾಲರ್ ಇತ್ತು. ಅಂಕವಿಲ್ಲದವರಿಗೂ ಹತ್ತು ತಿಂಗಳ ಬಾಡಿಗೆಯಷ್ಟು ಉಳಿತಾಯವಿದ್ದರೆ ಮನೆ ಕೊಡಬಹುದೆಂದು ನಮ್ಮ ಕಂಪನಿಯ ನಿಯಮ. ಒಂದೇ ತೊಡಕು. ಆ ಹಣದಲ್ಲಿ ಹನ್ನೆರಡು ಸಾವಿರ ಮಾರ್ಚ್ ಮೂರರಂದು ಒಟ್ಟಿಗೇ ಬಂದು ಬಿದ್ದಿತ್ತು.

ಅದಕ್ಕೂ ಅವರು ಪತ್ರ ತಂದಿದ್ದರು. ಹನ್ನೆರಡು ಜನರ ಎಕುಬ್, ಅಂದರೆ ನಮ್ಮವರ ಕೈಚೀಟಿ, ತಿಂಗಳಿಗೆ ತಲಾ ಸಾವಿರ, ಮಾರ್ಚ್‌ನಲ್ಲಿ ಚೀಟಿ ಎತ್ತುವ ಸರದಿ ಇವರದು. ಕೆಳಗೆ ಎಕುಬಿನ ಯಜಮಾನರ ಸಹಿ, ಫೋನ್ ನಂಬರ್. ಸಹಿಯನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಗಾಶೆ ಮೆಕ್ಬಿಬ್. ಹಿರಿಯರೆಂದು ಎಲ್ಲರೂ ‘ಗಾಶೆ’ ಎನ್ನುವ ಅವರು ಎರಡು ಎಕುಬ್ ನಡೆಸುತ್ತಾರೆ. ಯೆಶಿಮೆಬೇತ್ ಇದ್ದದ್ದು ಒಂದರಲ್ಲಿ, ನಾನಿರುವುದು ಇನ್ನೊಂದರಲ್ಲಿ.

ಮ್ಯಾನೇಜರ್ ಡೆನಿಸ್ ಪತ್ರವನ್ನು ಎರಡು ಸಲ ಓದಿದಳು. “ಏನಿದು ಎಕುಬ್? ನಿಮ್ಮ ಕಡೆಯದ್ದಾ?”

“ನನಗೆ ಅಷ್ಟು ಗೊತ್ತಿಲ್ಲ,” ಎಂದೆ.

“ಹೋಗ್ಲಿ ಬಿಡು. ಈ ಮನುಷ್ಯನಿಗೆ ಒಂದು ಫೋನ್ ಮಾಡು. ಹೌದು ಅಂದ್ರೆ ಮನೆ ಕೊಟ್ಟುಬಿಡೋಣ. ಆಯಮ್ಮನ್ನ ನೋಡಿದ್ರೆ ಮೋಸ ಮಾಡೋರ ಥರ ಕಾಣಲ್ಲ.”

ಕೆಲಸ ಇದ್ದದ್ದು ಅಷ್ಟೇ. ನನ್ನ ದನಿಯನ್ನು ಗಾಶೆ ಮೆಕ್ಬಿಬ್ ಮೊದಲ ಮಾತಿಗೇ ಗುರುತಿಸುತ್ತಿದ್ದರು. ಎಕುಬಿನವರಿಗೆ ನಾನು ‘ಆಫೀಸಲ್ಲಿ ಕೆಲಸ’ ಎಂದಷ್ಟೇ ಹೇಳಿಕೊಂಡಿದ್ದೆ. ಬಾಡಿಗೆ ಮನೆಗಳ ಆಫೀಸು ಎಂದು ತಿಳಿದರೆ ಚರ್ಚಿನ ಅರ್ಧ ಜನ ನನ್ನ ಬಾಗಿಲಲ್ಲಿರುತ್ತಾರೆ. ಜನವರಿಯಲ್ಲಿ, ಚರ್ಚಿಗೆ ಬಾರದ ನಮ್ಮ ದೇಶದವನೊಬ್ಬನಿಗೆ ಮನೆ ಕೊಡಿಸಿದ್ದೆ. ಆತ ಎರಡೇ ತಿಂಗಳಿಗೆ ಹೇಳದೆ ಕೇಳದೆ ಹೋಗಿಬಿಟ್ಟ. “ನಿನ್ನ ಊರಿನವನು ಕೈ ಕೊಟ್ಟನಲ್ಲ,” ಎಂದು ಡೆನಿಸ್ ನಕ್ಕಿದ್ದಳು. ಜೂನ್‌ನಲ್ಲಿ ಸಹಾಯಕ ಮ್ಯಾನೇಜರ್ ಹುದ್ದೆ ಖಾಲಿಯಾಗುವುದಿತ್ತು. ಬುಧವಾರ ಫೋನ್ ಎತ್ತಿ ಇಟ್ಟೆ. ಗುರುವಾರ ಎತ್ತಲೂ ಇಲ್ಲ. ಶುಕ್ರವಾರ ಪತ್ರ ಬರೆದು ‘ರೋಸ್’ ಎಂದು ಸಹಿ ಮಾಡಿದೆ.

ಭಾನುವಾರ ಹೊಸಾನ್ನಾ, ಗರಿಗಳ ಹಬ್ಬ. ಪೂಜೆ ಮುಗಿಸಿ ಎರಡು ಗಂಟೆಗೆ ಗಾಶೆ ಮೆಕ್ಬಿಬ್ ಅವರ ಮನೆಯಲ್ಲಿ ಸೇರಿದೆವು. ಎಲ್ಲರ ಬೆರಳಲ್ಲೂ ತಾಳೆಗರಿಯ ಉಂಗುರ. ಉಪವಾಸದ ದಿನಗಳಾದ್ದರಿಂದ ಹುರಿದ ಜೋಳದ ಅರಳು, ಹಾಲಿಲ್ಲದ ಕಾಫಿ. ಈ ತಿಂಗಳ ಚೀಟಿ ನನ್ನದು.

“ಇವತ್ತು ತ್ಸಿಗೆ ಸಾಹುಕಾರ್ತಿ!” ಎಂದು ಪಕ್ಕದಲ್ಲಿದ್ದ ಶೆವಾಯೆ ನನ್ನ ತೊಡೆ ತಟ್ಟಿದಳು. “ನಾಳೆಯಿಂದ ನಮ್ಮನ್ನ ಮಾತಾಡಿಸ್ತೀಯೋ ಇಲ್ವೋ?”

“ಮೊದಲು ಇನ್ನೊಂದು ವಿಷಯ ಇದೆ,” ಎಂದರು ಗಾಶೆ ಮೆಕ್ಬಿಬ್. ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದರು. “ನನ್ನ ಇನ್ನೊಂದು ಎಕುಬಿನ ಹೆಣ್ಣುಮಗಳಿಗೆ ಮನೆ ಕೊಡಲ್ಲ ಅಂದಿದಾರೆ. ಯಾಕೆ ಅಂತ ನನಗೆ ಸರಿಯಾಗಿ ಗೊತ್ತಾಗ್ತಿಲ್ಲ. ತ್ಸಿಗೆ, ನೀನು ಆಫೀಸಲ್ಲಿರೋಳು. ಓದಿ ಹೇಳಮ್ಮ.”

ಕಾಗದದ ತಲೆಯಲ್ಲಿ ನಮ್ಮ ಕಂಪನಿಯ ಹೆಸರಿತ್ತು. ನಾನು ಓದಿದೆ. ಎರಡು ಬಾರಿ ಕರೆ ಮಾಡಲಾಯಿತು ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿದರು.

“ಯಾವಾಗ ಮಾಡಿದ್ರಂತೆ? ಮಂಗಳವಾರದಿಂದ ಸ್ನಾನಕ್ಕೆ ಹೋದ್ರೂ ಫೋನ್ ಜೊತೆಗೇ ಇಟ್ಕೊಂಡಿದೀನಿ. ಚರ್ಚಲ್ಲೂ ಆಫ್ ಮಾಡಿಲ್ಲ, ಪಾದ್ರಿ ಹತ್ರ ಬೈಸ್ಕೊಂಡೆ.”

“ಬರೆದೋರು ಯಾರು?” ಎಂದಳು ಶೆವಾಯೆ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ರೋಸ್ ಅಂತೆ. ಒಂದು ಫೋನ್ ಮಾಡಕ್ಕೆ ಬೆರಳು ಸವೀತಿತ್ತಾ ಈ ಮಹಾರಾಣಿಗೆ? ಅವಳಿಗೇನು ಗೊತ್ತು ಬಿಡು, ಅವಳು ಯಾವತ್ತಾದ್ರೂ ನೆಲಮಾಳಿಗೇಲಿ ಮಲಗಿದ್ರೆ ತಾನೇ?”

ಈ ದೇಶಕ್ಕೆ ಬಂದ ಹೊಸದರಲ್ಲಿ ನಾನು ಮಲಗಿದ್ದು ನಾವು ಕೂತಿದ್ದ ಇದೇ ನೆಲಮಾಳಿಗೆಯಲ್ಲಿ, ಹನ್ನೊಂದು ತಿಂಗಳು. ಗಾಶೆ ಮೆಕ್ಬಿಬ್ ಬಾಡಿಗೆ ಕೇಳಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದದ್ದು ಯೆಶಿಮೆಬೇತ್. ಕಾಗದ ತೋರಿಸಲು ಬಂದವರು ಕಾಫಿ ಮಾಡಲು ಒಳಗೆ ನಿಂತಿದ್ದಿರಬೇಕು. ಬಿಳಿ ಹಬ್ಬದ ಉಡುಪಿನಲ್ಲಿದ್ದರು. ಸಾಲಾಗಿ ಕೊಡುತ್ತಾ ಬಂದು ನನ್ನೆದುರು ನಿಂತರು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು. ಗುರುತು ಸಿಕ್ಕಿತ್ತು. ಎಲ್ಲರಿಗೂ ‘ಮಗಳೇ’, ‘ಮಗನೇ’ ಎಂದು ಕೊಟ್ಟವರು ನನಗೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಮಂಗಳವಾರ ನಾನಾಡಿದ್ದ ಇಂಗ್ಲಿಷಿನಲ್ಲೇ ಮೆಲ್ಲಗೆ ಕೇಳಿದರು:

“ಸಕ್ಕರೆ ಎಷ್ಟು, ಮೇಡಂ?”

ನಾನು ಕಪ್ ತೆಗೆದುಕೊಳ್ಳಲಿಲ್ಲ. “ಗಾಶೆ, ರೋಸ್ ಅಂದ್ರೆ ನಾನೇ,” ಎಂದೆ. “ನಾನು ಫೋನ್ ಮಾಡಲಿಲ್ಲ.”

ಶೆವಾಯೆ ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನನ್ನ ಪಕ್ಕದಿಂದ ಸ್ವಲ್ಪ ಸರಿದಳು.

“ಯಾಕಮ್ಮಾ?” ಎಂದರು ಗಾಶೆ ಮೆಕ್ಬಿಬ್. ದನಿ ಏರಿಸಲಿಲ್ಲ.

“ನಾನು ಎಲ್ಲಿ ಕೆಲಸ ಮಾಡ್ತೀನಿ ಅಂತ ನಿಮಗೆ ಗೊತ್ತಾಗ್ತಿತ್ತು.”

ಅವರು ಕನ್ನಡಕ ಹಾಕಿಕೊಂಡು ಎಕುಬಿನ ಪುಸ್ತಕ ತೆರೆದರು. “ಗುರುತಿಲ್ಲದೋರಿಗೆ, ಹೊಸಬರಿಗೆ ನಾವು ಯಾವ ಸರದಿ ಕೊಡ್ತೀವಿ?” ಎಂದು ಎಲ್ಲರನ್ನೂ ಕೇಳಿದರು.

“ಕೊನೇದು,” ಎಂದರು ಯಾರೋ.

ಅವರು ನನ್ನ ಹೆಸರಿನ ಮೇಲೆ ಗೆರೆ ಎಳೆದು, ಪಟ್ಟಿಯ ಕೊನೆಯಲ್ಲಿ ಮತ್ತೆ ಬರೆದರು. ಯೆಶಿಮೆಬೇತ್ ಕಾಫಿಯನ್ನು ನನ್ನ ಕಾಲ ಬಳಿಯ ಪುಟ್ಟ ಮೇಜಿನ ಮೇಲಿಟ್ಟು ಮುಂದಿನವರ ಕಡೆ ಹೋದರು. ಸಕ್ಕರೆ ಹಾಕಿರಲಿಲ್ಲ. ಅದನ್ನು ಪೂರ್ತಿ ಕುಡಿದೆ.

ಸೋಮವಾರ ಎಂಟೂವರೆಗೆ ಡೆನಿಸ್‌ಗೆ ಎಲ್ಲವನ್ನೂ ಹೇಳಿದೆ. ಅವಳು ಕಂಪ್ಯೂಟರ್ ನೋಡಿ ಹೇಳಿದಳು: 214 ಶನಿವಾರವೇ ಹೋಗಿದೆ, ಗಂಡ ಹೆಂಡತಿ, ಅಂಕ 731. ಜುಲೈವರೆಗೆ ಬೇರೆ ಮನೆ ಖಾಲಿಯಿಲ್ಲ.

ಯೆಶಿಮೆಬೇತ್ ಅವರ ಮಗಳು ಇಪ್ಪತ್ನಾಲ್ಕರಂದು ಬಂದಿಳಿದಳು. ಅವಳು ಶೆವಾಯೆಯ ಮನೆಯಲ್ಲಿ ಸೋಫಾದ ಮೇಲೆ ಮಲಗುತ್ತಾಳೆ. ತಾಯಿ ಮೊದಲಿದ್ದ ನೆಲಮಾಳಿಗೆಯಲ್ಲೇ ಇದ್ದಾರೆ. ಎರಡು ಮನೆಗಳ ನಡುವೆ ಬಸ್ಸಿನಲ್ಲಿ ನಲವತ್ತು ನಿಮಿಷ.