ಡಬ್ಬಿಗೆ ಸೇರದ ಗುನುಗು

ತಿಂಗಳು ತುಂಬುವ ಮೊದಲೇ ಹುಟ್ಟಿದ ನನ್ನ ತಂಗಿಯ ಮಗು ಆಸ್ಪತ್ರೆಯ ಗಾಜಿನ ತೊಟ್ಟಿಲಲ್ಲಿತ್ತು. ತಂಗಿ ಜ್ವರ ಹತ್ತಿಸಿಕೊಂಡು ನನ್ನ ಮನೆಯಲ್ಲಿ ಮಲಗಿದ್ದಳು. ಜ್ವರ ಬಿಡುವ ತನಕ ವಾರ್ಡಿನೊಳಗೆ ಕಾಲಿಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ಫೋನೂ ಒಳಗೆ ಒಯ್ಯುವಂತಿಲ್ಲ. ಹೋಗಬಹುದಾದದ್ದು ಅವಳ ದನಿ ಮಾತ್ರ. ಪ್ರತಿ ತೊಟ್ಟಿಲಿಗೂ ಅಂಗೈಯಗಲದ ಸ್ಪೀಕರ್ ಇದೆ. ತಾಯಿ ಬರಲಾಗದ ಮಕ್ಕಳಿಗೆ ಅದರಲ್ಲಿ ಮೊದಲೇ ಮುದ್ರಿಸಿಟ್ಟ ತಾಯಿಯ ಹಾಡು ಮೆಲ್ಲಗೆ ಬರುತ್ತದೆ. ಆ ಪ್ರೋಗ್ರಾಂ ಬರೆದವಳು ನಾನೇ. ಅಮ್ಮನ ಗುನುಗು ಕೇಳುತ್ತಿದ್ದರೆ ನಮ್ಮ ಕೂಸು ಹಾಲು ಕುಡಿಯುತ್ತಿತ್ತು, ಇಲ್ಲದಿದ್ದರೆ ಬಾಯಿ ಬಿಗಿ ಹಿಡಿಯುತ್ತಿತ್ತು. ಹಠದಲ್ಲಿ ಥೇಟ್ ಅವರಮ್ಮನೇ.

ಆ ದಿನ ಬೆಳಿಗ್ಗೆ ವಾರ್ಡಿನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದು ಬಂದಿತ್ತು, ಆದರೆ ಅದಕ್ಕೆ ಕಂಟೇನರ್ ಇಮೇಜೇ ಆಗಬೇಕು. ಎಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ಒಂದೇ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಹಾಕಿ ಕಳಿಸಬೇಕು. ಹಾಗೆ ತುಂಬುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಇದೇನು ಮಹಾ ಎಂದುಕೊಂಡು ಕೂತೆ. ಅಷ್ಟರಲ್ಲಿ ನರ್ಸ್ ಹೊರಗಿನ ಮೇಜಿನಿಂದ ಫೋನ್ ಮಾಡಿ, "ಎರಡು ಸಲ ಹಾಲು ಉಗುಳಿಬಿಡ್ತಮ್ಮಾ, ಬೇಗ ಏನಾದ್ರೂ ಮಾಡಿ," ಎಂದರು.

ಬಿಲ್ಡ್ ಅರ್ಧ ನಡೆದು ನಿಂತಿತು. ಧ್ವನಿಯ ಫೈಲ್ ಸಿಗಲಿಲ್ಲವಂತೆ. ತಪ್ಪು ನನ್ನದೇ. ಡಬ್ಬಿ ತುಂಬುವ ಯಂತ್ರಕ್ಕೆ ನಾವು ಯಾವ ಫೋಲ್ಡರ್ ಕೊಡುತ್ತೇವೋ ಅಷ್ಟೇ ಲೋಕ. ನಾನು ಕೊಟ್ಟದ್ದು ಪ್ರೋಗ್ರಾಂ ಇದ್ದ ಫೋಲ್ಡರ್, ಗುನುಗು ಇದ್ದದ್ದು ಪಕ್ಕದ ಫೋಲ್ಡರಿನಲ್ಲಿ. ಒಂದು ಮೆಟ್ಟಿಲು ಮೇಲೆ ಹತ್ತಿ ಪಕ್ಕಕ್ಕೆ ಇಳಿ ಎಂದು ದಾರಿ ಬರೆದುಕೊಟ್ಟೆ. ಗಡಿ ದಾಟುವುದಿಲ್ಲ ಎಂದಿತು. ಸರಿ, ಎರಡೂ ಫೋಲ್ಡರುಗಳಿರುವ ಮೇಲಿನ ದೊಡ್ಡ ಫೋಲ್ಡರನ್ನೇ ಕೈಗಿಟ್ಟೆ. ನಿಂತ ಜಾಗ ಬದಲಾದ ಮೇಲೆ ದಾರಿಗಳೂ ಬದಲಾಗಬೇಕಲ್ಲ, ಒಂದೊಂದನ್ನೂ ಹೊಸದಾಗಿ ಬರೆದೆ. ಮತ್ತೆ ಬಿಲ್ಡ್ ಶುರುವಾಯಿತು.

ಮಧ್ಯಾಹ್ನದ ಬಿಸಿಲು ಕಿಟಕಿಯ ಪರದೆಯಲ್ಲಿ ಸೋಸಿ ಕೋಣೆಯೆಲ್ಲ ಹಾಲಿನ ಕೆನೆಯ ಬಣ್ಣವಾಗಿತ್ತು. ಕಂಪ್ಯೂಟರಿನ ಮೇಲೆ ಬಿಲ್ಡಿನ ಸಾಲುಗಳು ನಿಧಾನವಾಗಿ ಹತ್ತುತ್ತಿದ್ದವು. ಪಕ್ಕದ ಕೋಣೆಯಲ್ಲಿ ತಂಗಿ ಜ್ವರದ ಮಂಪರಿನಲ್ಲೇ ಗುನುಗುತ್ತಿದ್ದಳು. ನನಗೂ ಜೊಂಪು ಹತ್ತಿತು. ಫೋಲ್ಡರುಗಳೆಲ್ಲ ಒಂದರೊಳಗೊಂದು ಕೋಣೆಗಳಾಗಿ ತೆರೆದುಕೊಂಡವು. ನಾನು ಬರಿಗಾಲಲ್ಲಿ ನಡೆಯುತ್ತಿದ್ದೆ, ನೆಲ ಉಗುರುಬೆಚ್ಚಗಿತ್ತು. ಗೋಡೆಯಾಚೆ ಗುನುಗು ಕೇಳುತ್ತಿತ್ತು, ಗೋಡೆ ಮುಟ್ಟಿದರೆ ಅಲ್ಲೊಂದು ಬಾಗಿಲಾಗುತ್ತಿತ್ತು, ಬಾಗಿಲು ದಾಟಿದರೆ ಗುನುಗು ಇನ್ನೊಂದು ಗೋಡೆಯಾಚೆ. ಎಲ್ಲೋ ಸಣ್ಣದೊಂದು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ಬೆಚ್ಚಿ ಕಣ್ಣುಬಿಟ್ಟೆ. ಫೈಲ್ ಸಿಗಲಿಲ್ಲ ಎಂಬ ಅದೇ ಸಾಲು ಎದುರಿಗಿತ್ತು.

"ನಿನ್ನ ಕಣ್ಣಿಗೆ ಮಣ್ಣು ಹಾಕ," ಎಂದೆ ಜೋರಾಗಿಯೇ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಯಾರಿಗಕ್ಕಾ ಬೈತಾ ಇದ್ದೀಯ?" ತಂಗಿ ಹೊದಿಕೆ ಸುತ್ತಿಕೊಂಡೇ ಬಾಗಿಲಿಗೆ ಬಂದಿದ್ದಳು.

"ಈ ದರಿದ್ರ ಯಂತ್ರಕ್ಕೆ. ನಿನ್ನ ಹಾಡು ಕಣ್ಣೆದುರಿಗೇ ಬಿದ್ದಿದೆ, ಇಲ್ಲವೇ ಇಲ್ಲ ಅಂತ ಸಾಧಿಸ್ತಾ ಇದೆ. ನೀನು ಹೋಗಿ ಮಲಗು ತಾಯಿ, ತಲೆ ತಿನ್ನಬೇಡ."

ಅವಳು ಹೋಗಲಿಲ್ಲ. ಚೌಕಟ್ಟಿಗೆ ಒರಗಿ ಏನೋ ಯೋಚಿಸುತ್ತಾ ನಿಂತಳು. "ವಾರ್ಡಿನ ಬಾಗಿಲಲ್ಲಿ ನನ್ನ ತಡೆದ್ರಲ್ಲಕ್ಕಾ, ಆಗ ನರ್ಸು ಗಾಜಿನಾಚೆಯಿಂದ ನನ್ನನ್ನೇ ನೋಡ್ತಾ ಇದ್ರು. ಕಾಣಿಸಲಿಲ್ಲ ಅಂತಲ್ಲ. ಒಳಗೆ ಬಿಡಬೇಡಿ ಅಂತ ಯಾರೋ ಮೊದಲೇ ಹೇಳಿಟ್ಟಿದ್ರು. ಇದಕ್ಕೂ ಯಾರಾದ್ರೂ ಹಾಗೆ ಹೇಳಿದಾರೇನೋ ನೋಡು."

ಥಟ್ಟನೆ ನೆನಪಾಯಿತು. ಹಾಗೆ ಹೇಳಿಟ್ಟವಳು ನಾನೇ. ಏನೇನನ್ನು ಡಬ್ಬಿಗೆ ತುಂಬಬಾರದು ಎಂದು ತಿಳಿಸುವ ಪುಟ್ಟ ಫೈಲೊಂದಿರುತ್ತದೆ. ಹಿಂದೊಮ್ಮೆ ಇಂಥದೇ ಡಬ್ಬಿ ಕಟ್ಟಿ ಪರೀಕ್ಷೆ ಮಾಡುವಾಗ, ಡಬ್ಬಿ ಹಗುರವಾಗಿರಲಿ ಎಂದು, ಧ್ವನಿಯ ಫೈಲುಗಳಲ್ಲಿ ಒಂದನ್ನೂ ಸೇರಿಸಬೇಡ ಎಂದು ಆ ದೊಡ್ಡ ಫೋಲ್ಡರಿನಲ್ಲಿ ಬರೆದಿಟ್ಟು ಮರೆತಿದ್ದೆ. ಪಾಪ, ಅದು ನನ್ನ ಮಾತನ್ನೇ ಪಾಲಿಸುತ್ತಿತ್ತು. ಬೈಸಿಕೊಂಡದ್ದು ಬೇರೆ. ಆ ಸಾಲು ಅಳಿಸಿದೆ. ಬಿಲ್ಡ್ ಈ ಸಲ ಎಲ್ಲೂ ತಡವರಿಸದೆ ಕೊನೆಮುಟ್ಟಿತು. ಇಮೇಜನ್ನು ಆಸ್ಪತ್ರೆಗೆ ಕಳಿಸಿ, ಫೋನನ್ನು ನಡುವೆ ಇಟ್ಟುಕೊಂಡು ಇಬ್ಬರೂ ಮಂಚದ ಮೇಲೆ ಕೂತೆವು. ತಂಗಿಯ ಕೈ ಸುಡುತ್ತಿತ್ತು.

ಬಿಸಿಲು ಮಂಚದ ಕಾಲಿನವರೆಗೆ ಸರಿದ ಮೇಲೆ ನರ್ಸ್ ಫೋನ್ ಬಂತು. "ಬಾಯಿ ಬಿಡ್ತಮ್ಮಾ. ಚೆನ್ನಾಗಿ ಕುಡೀತಾ ಇದೆ."

ತಂಗಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು.

"ಒಂದೇ ಒಂದು ವಿಷಯ," ಎಂದರು ನರ್ಸ್. "ಹಾಡು ಮುಗಿದು ಮತ್ತೆ ಶುರುವಾಗೋ ಮಧ್ಯೆ ಸ್ವಲ್ಪ ಹೊತ್ತು ಸದ್ದೇ ಇರಲ್ಲ. ಆಗ ಕುಡಿಯೋದು ನಿಲ್ಲಿಸಿ, ಆ ಕಡೆ ಈ ಕಡೆ ಮುಖ ತಿರುಗಿಸುತ್ತೆ. ಹಾಡು ಬಂದ ತಕ್ಷಣ ಮತ್ತೆ ಕುಡಿಯುತ್ತೆ."

"ಅದೇನು ಮಹಾ, ಈಗಲೇ ಸರಿಮಾಡ್ತೀನಿ," ಎಂದು ಎದ್ದೆ. ಫೋನಿನಾಚೆ ನರ್ಸ್ ಸರಿ ಎಂದು ಇಟ್ಟರು.

ತಂಗಿ ನನ್ನ ಸೆರಗು ಹಿಡಿದಳು. "ಬೇಡಕ್ಕಾ. ಅದು ಹಾಗೇ ಇರ್ಲಿ."

"ಹುಚ್ಚೀ, ನಡುವೆ ಕುಡಿಯೋದು ನಿಲ್ಲಿಸುತ್ತಂತಲ್ಲೇ."

"ಮತ್ತೆ ಕುಡಿಯುತ್ತಂತಲ್ಲ. ಆ ಸಂದೂ ಮುಚ್ಚಿಬಿಟ್ರೆ ಅದಕ್ಕೆ ಹಾಡೇ ಸಾಕಾಗಿಬಿಡುತ್ತೆ." ಹಿಡಿದ ಸೆರಗನ್ನು ಅವಳು ಬಿಡಲಿಲ್ಲ. "ಅಷ್ಟು ಹೊತ್ತಾದ್ರೂ ನನ್ನನ್ನ ಹುಡುಕ್ಲಿ ಅಕ್ಕ. ನಾನು ಅದರ ಹತ್ರ ಹೋಗೋ ತನಕ ಹುಡುಕ್ತಾ ಇರ್ಲಿ."

ಕಂಡ ತಪ್ಪನ್ನು ತಿದ್ದದೆ ಬಿಟ್ಟವಳಲ್ಲ ನಾನು. ಆದರೂ ಕಂಪ್ಯೂಟರ್ ಮುಚ್ಚಿ ಬಂದು ಅವಳ ಪಕ್ಕದಲ್ಲಿ ಮಲಗಿಕೊಂಡೆ.