ಟ್ರೋಂಡುರನ ಎರಡು ಬೆರಳು

"ಇನ್ನೊಂದು ಬೋಗುಣಿ ಬಿಸಿನೀರು ತಾರೇ ಸಿಗ್ಗಾ, ಇದು ಆರಿಹೋಯ್ತು," ಎನ್ನುತ್ತ ಮಾಲನ್ ಸತ್ತ ಗಂಡನ ಬಲಗೈಯನ್ನು ಒದ್ದೆ ಬಟ್ಟೆಯಲ್ಲಿ ಮತ್ತೆ ಸುತ್ತಿದಳು.

ಶವಪೆಟ್ಟಿಗೆ ನಡುಮನೆಯಲ್ಲಿ ಎರಡು ಕುರ್ಚಿಗಳ ಮೇಲಿತ್ತು. ಹನ್ನೊಂದಕ್ಕೆ ಪಕ್ಕದ ದ್ವೀಪದಿಂದ ಪಾದ್ರಿಗಳ ದೋಣಿ ಬರುವುದಿತ್ತು. ಟ್ರೋಂಡುರ್ ಸತ್ತು ಇದು ಮೂರನೆಯ ದಿನ. ಸತ್ತಾಗಿನ ಸೆಡೆತ ಬಿಟ್ಟು ಮೈ ಸಡಿಲವಾಗಿತ್ತು, ಎಡಗೈ ಹೇಳಿದಂತೆ ಕೇಳುತ್ತಿತ್ತು. ಬಲಗೈಯ ಉಂಗುರದ ಬೆರಳು, ಕಿರುಬೆರಳು ಮಾತ್ರ ಕೊಕ್ಕೆಯಂತೆ ಅಂಗೈಯತ್ತ ಬಾಗಿಯೇ ಇದ್ದವು.

ಟ್ರೋಂಡುರನ ತಂಗಿ ಸಿಗ್ಗಾ ನೀರು ತಂದಳು. "ಸಾಕು ಬಿಡಿ ಅತ್ತಿಗೆ. ಅಣ್ಣನ ಅಂಗಿಯೆಲ್ಲ ನೆನೀತಿದೆ."

"ನೆನೀಲಿ. ಸತ್ತ ಮೇಲೆ ಬಿಚ್ಚುತ್ತೆ ಅಂತ ಇವರೇ ಅಂದಿದ್ರು. ಒಂದೇ ಒಂದು ಸಲ ಈ ಕೈನ ಅಗಲವಾಗಿ ನನ್ನ ಕೆನ್ನೆ ಮೇಲೆ ಇಟ್ಕೋತೀನಿ. ಆಮೇಲೆ ಬೇಕಾದ್ರೆ ಪೆಟ್ಟಿಗೆ ಮುಚ್ಕೊಳ್ಳಿ."

*

ಮೊದಲು ಬಂದದ್ದು ಒಂದು ಗಂಟು. ಟ್ರೋಂಡುರನಿಗಾಗ ನಲವತ್ತನಾಲ್ಕು. ಉಂಗುರದ ಬೆರಳಿನ ಬುಡದಲ್ಲಿ, ಬಟಾಣಿಯಷ್ಟು, ನೋವಿಲ್ಲ. ದೋಣಿಯ ಹುಟ್ಟು ಹಾಕಿ ಬಿದ್ದ ಜಡ್ಡೆಂದುಕೊಂಡು ಕುರಿ ಕೊಯ್ಯುವ ಚಾಕುವಿನಿಂದ ಹೆರೆದ. ರಕ್ತ ಬಂತು, ಗಂಟು ಹೋಗಲಿಲ್ಲ. ಪಕ್ಕದ ಚರ್ಮ ಕುಳಿಬಿತ್ತು. ವರ್ಷಗಳು ಕಳೆದಂತೆ ಚರ್ಮದಡಿ ಒಂದು ಹುರಿ ಎದ್ದು ಬೆರಳನ್ನು ಮೆಲ್ಲಗೆ ಒಳಗೆಳೆಯಿತು. ಹಿಂದೆಯೇ ಕಿರುಬೆರಳೂ ಹೋಯಿತು.

"ನೋಡೇ, ದೋಣಿ ಕಟ್ಟೋ ಹಗ್ಗ ನನ್ನ ಕೈಯೊಳಗೇ ಬೆಳೀತಿದೆ!" ಎಂದು ನಗುತ್ತಿದ್ದ. ಮುಖ ತೊಳೆಯುವಾಗ ತನ್ನ ಕಣ್ಣಿಗೇ ತಿವಿದುಕೊಂಡಾಗ ನಗುತ್ತಿರಲಿಲ್ಲ. ಮಾಲನ್ ಎರಡು ಬೆರಳಿಗೂ ಒಂದೇ ಚೀಲವಿಟ್ಟು ಕೈಗವಸು ಹೆಣೆದಳು. ಹಬ್ಬದ ಸುತ್ತುಕುಣಿತದಲ್ಲಿ ಅವನ ಬಲಗೈ ಹಿಡಿದವರಿಗೆ ನೋಯುತ್ತಿತ್ತು, ಹೋಗುವುದನ್ನೇ ಬಿಟ್ಟ.

ದ್ವೀಪಗಳ ರಾಜಧಾನಿ ಟೋರ್ಸ್‌ಹಾವ್ನ್‌ನ ಆಸ್ಪತ್ರೆಯಲ್ಲಿ ಹುರಿ ಕತ್ತರಿಸಿದರು. ನಾಲ್ಕು ಚಳಿಗಾಲ ಬೆರಳು ನೆಟ್ಟಗಿದ್ದವು. ಐದನೆಯದಕ್ಕೆ ಮತ್ತೆ ಬಾಗಿದವು. ವಂಶದ್ದು, ಬಂದೇ ಬರುತ್ತದೆ, ಎಂದರು ಡಾಕ್ಟರು. ಅವತ್ತು ಮಾಲನ್ ಅತ್ತಾಗ ಅವನು ಬೆರಳ ಗೆಣ್ಣಿನಿಂದ ಅವಳ ಕೆನ್ನೆ ಒರೆಸಿದ.

"ಅಳಬೇಡ ಕಣೇ. ಸತ್ತ ಮೇಲೆ ಬಿಚ್ಚುತ್ತೆ ಬಿಡು. ನಮ್ಮಪ್ಪಂದೂ ಬಿಚ್ಚಿತ್ತು. ಆಗ ಬೇಕಾದಷ್ಟು ಹೊತ್ತು ಹಿಡ್ಕೊ."

*

"ದೋಣಿ ಬಂತಮ್ಮ," ಎಂದ ಮಗ ರೋಯಿ ಬಾಗಿಲಲ್ಲಿ ನಿಂತು. "ಮಂಜು ಇಳೀತಿದೆ, ಪಾದ್ರಿಗಳು ಬೇಗ ವಾಪಸ್ ಹೋಗ್ಬೇಕಂತೆ."

"ಇನ್ನೊಂದು ಗಳಿಗೆ ತಡಿಯೋ. ನಿಮ್ಮ ತಾತಂದೂ ಹೀಗೇ ಬಿಚ್ಚಿತ್ತಂತೆ."

ಸಿಗ್ಗಾ ಬೋಗುಣಿ ಕೆಳಗಿಟ್ಟಳು. "ಬಿಚ್ಚಿರಲಿಲ್ಲ ಅತ್ತಿಗೆ. ಅಪ್ಪನ ಮೈ ತೊಳೆದವಳು ನಾನೇ. ಬೆರಳು ಹಂಗೇ ಇದ್ವು. ಅಣ್ಣನೂ ಪಕ್ಕದಲ್ಲೇ ನಿಂತಿದ್ದ."

ಮಾಲನ್ ಅವಳನ್ನೇ ನೋಡಿದಳು. ಆಮೇಲೆ ಗಂಡನತ್ತ ತಿರುಗಿದಳು. "ಅಯ್ಯೋ ಹಾಳು ಮನುಷ್ಯಾ! ಇಷ್ಟು ವರ್ಷ ನನ್ನ ನಂಬಿಸಿದ್ರಲ್ಲ!"

ಕೋಪವೂ ದುಃಖವೂ ಒಟ್ಟಿಗೇ ಉಕ್ಕಿದವು. ಯಾರ ಮೇಲೆ ತೀರಿಸಿಕೊಳ್ಳುವುದು? ಒದ್ದೆ ಬಟ್ಟೆ ಕಿತ್ತೆಸೆದಳು. ಬಾಗಿದ ಬೆರಳುಗಳ ಸಂದಿಗೆ ತನ್ನ ಕೈ ತೂರಿಸಿ, ಪೆಟ್ಟಿಗೆಯ ಅಂಚಿಗೆ ಹಣೆಯಿಟ್ಟಳು.

ಹೊರಗೆ ಗಂಡಸರು ಕೀರ್ತನೆ ಎತ್ತಿದರು. ಪಾದ್ರಿಗಳು ಒಳಗೆ ಬಂದು ಟೋಪಿ ತೆಗೆದರು. ರೋಯಿ ಮುಚ್ಚಳ ಹಿಡಿದು ಕಾದ.

"ಅಮ್ಮಾ, ಕೈ ತೆಗಿ."

ಅವಳು ತೆಗೆಯಲಿಲ್ಲ. ಸಿಕ್ಕಿಕೊಂಡಿದೆಯೇನೋ ಎಂದು ಅವನು ಮುಚ್ಚಳವನ್ನು ಗೋಡೆಗೊರಗಿಸಿ, ಮಂಡಿಯೂರಿ ನೋಡಿದ. ಅಪ್ಪನ ಬೆರಳು ಏನನ್ನೂ ಹಿಡಿದಿರಲಿಲ್ಲ. ಅವನ್ನು ಬಿಗಿಯಾಗಿ ಹಿಡಿದಿದ್ದವು ಅಮ್ಮನ ಬೆರಳುಗಳು. ಒಂದೊಂದಾಗಿ ಬಿಡಿಸತೊಡಗಿದ. ಒಂದನ್ನು ಬಿಡಿಸುವಷ್ಟರಲ್ಲಿ ಮೊದಲು ಬಿಡಿಸಿದ್ದು ಮತ್ತೆ ಮಡಚಿಕೊಳ್ಳುತ್ತಿತ್ತು.