ಹರಿಗೋಲಿನಲ್ಲಿ ಕೂತ ಕಿವಿ

ಸ್ನಾನಕ್ಕೆ ಬಂದವರು ನದಿಯಲ್ಲಿ ಕಳೆದುಕೊಂಡ ಒಡವೆ ಹುಡುಕಿಕೊಡುವುದು ತಿಂಥಣಿಯ ಗುರಪ್ಪನ ಕಸುಬು. ಅವನು ಲೋಹ ಹುಡುಕುವ ಯಂತ್ರದ ತಟ್ಟೆ ಹಿಡಿದು ಕೃಷ್ಣೆಯ ತಳಕ್ಕಿಳಿದರೆ, ಮಗಳು ಮೌನಮ್ಮ ಹರಿಗೋಲಿನಲ್ಲಿ ಕೂತು, ಹೆಡ್‌ಫೋನಿನಲ್ಲಿ ಅದರ ದನಿ ಆಲಿಸುತ್ತಿದ್ದಳು. ಬಂಗಾರದ ದನಿ ಬಂದರೆ ಅಪ್ಪನ ಸೊಂಟಕ್ಕೆ ಕಟ್ಟಿದ ಹಗ್ಗ ಜಗ್ಗುತ್ತಿದ್ದಳು. ಇದಕ್ಕೆಂದೇ ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದಳು.

“ಈ ಯಂತ್ರ ಮುದುಕಿ ಹಂಗ ಗೊರಕಿ ಹೊಡ್ಯಾಕತ್ತದ,” ಎಂದು ಅವಳ ಅಣ್ಣ ಹಣಮೇಶ ಹೊಸದೊಂದನ್ನು ಪರೀಕ್ಷೆಗೆ ತಂದಿದ್ದ. “ಇದು ಕೈಯಾಗೇ ನಡುಗ್ತದಪ್ಪ, ಕೇಳಾಕ ಯಾರೂ ಬ್ಯಾಡ. ಮೌನವ್ವ ಶಹಾಪುರದಾಗ ಹೊಲಿಗಿ ಕಲೀಲಿ.”

ಆ ಹೊಲಿಗೆ ಕ್ಲಾಸನ್ನು ಒಮ್ಮೆ ಕಿಟಕಿಯಿಂದ ಆಸೆಗಣ್ಣಲ್ಲಿ ನೋಡಿ ಬಂದಿದ್ದ ಮೌನಮ್ಮ ವಾಯರಿನ ಸಿಕ್ಕು ಬಿಡಿಸತೊಡಗಿದಳು.

“ಎರಡೂ ಇಳಸ್ತೀನಿ. ಬಂಗಾರ ಹುಡುಕಿದ್ದು ಇರ್ಲಿ,” ಎಂದ ಗುರಪ್ಪ.

ಅಂದು ತಾಳಿ ಕಳೆದುಕೊಂಡ ಹೆಂಗಸೊಬ್ಬಳು ಕೊರಳಿಗೆ ಅರಿಶಿಣದ ಕೊಂಬು ಕಟ್ಟಿಕೊಂಡು ದಂಡೆಯಲ್ಲಿ ಕೂತಿದ್ದಳು. ಹೊಸ ಯಂತ್ರ ಭಕ್ತರು ಎಸೆದ ನಾಣ್ಯಕ್ಕೆಲ್ಲ ನಡುಗಿತು. ಗುರಪ್ಪ ಬರೀ ನಾಣ್ಯ ಹಿಡಿದು ಮೇಲೆ ಬಂದ. ಆಮೇಲೆ ಹಳೆಯದನ್ನು ಇಳಿಸಿದ. ಗೊರಗೊರದ ನಡುವೆ ಮೌನಮ್ಮನಿಗೆ ಬಂಗಾರದ ಮೆಲುದನಿ ಕೇಳಿಸಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಹಳೆಯ ಯಂತ್ರವೂ ಸೋಲುತ್ತಿತ್ತು. ದಂಡೆಯ ಮೇಲಿದ್ದ ಹೆಂಗಸು ಕೊಂಬನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಮೌನಮ್ಮ ಹಗ್ಗ ಜಗ್ಗಿದಳು.

ತಾಳಿ ಹಿಡಿದು ಮೇಲೆದ್ದ ಗುರಪ್ಪ ನಕ್ಕ. “ಹೊಸಾದು ವಾಪಸ್ ಕೊಡೋ ಹಣಮ್ಯಾ. ನಮ್ಮ ಮೌನವ್ವನ ಕಿವಿ ಇರೋತನಕ ಈ ಹಳೇದಕ್ಕ ಮುಪ್ಪಿಲ್ಲ.”

ಹೆಂಗಸು ಕೈಮುಗಿದು ಹರಸಿದಳು. ಮೌನಮ್ಮ ತಲೆಯಾಡಿಸಿ, ನಾಳೆಗೆಂದು ವಾಯರು ಒರೆಸಿ ಸುತ್ತತೊಡಗಿದಳು.